ನೋವು ಕಾಲಲ್ಲಿ, ತೊಂದರೆ ಸೊಂಟದಲ್ಲಿ

ಪ್ರಶ್ನೆ: ಡಾಕ್ಟರೇ, ನನಗೆ 42 ವರ್ಷ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ದಿನಕ್ಕೆ ಎಂಟು-ಒಂಬತ್ತು ಗಂಟೆ ಮಷಿನ್ ಮುಂದೆ ಕೂರುತ್ತೇನೆ. ಹತ್ತು ವಾರದ ಹಿಂದೆ ನೀರಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಎರಡು ದಿನಕ್ಕೆ ಸೊಂಟದ ನೋವು ಕಡಿಮೆಯಾಗಿ ಬಲಗಾಲಿಗೆ ಇಳಿಯಿತು. ಪಿರ್ರೆಯಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಪಾದದ ಕಿರುಬೆರಳವರೆಗೆ ಎಳೆದ ಹಾಗೆ ನೋವು. ಕೆಮ್ಮಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ. ಮೊದಲಿಗಿಂತ ಈಗ ಎಷ್ಟೋ ವಾಸಿ, ಆದರೆ ಪೂರ್ತಿ ಹೋಗಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ‘ಎಲ್4-ಎಲ್5 ಡಿಸ್ಕ್ ಬಲ್ಜ್, ಎಲ್5-ಎಸ್1 ಬಲಗಡೆ ಪ್ರೊಟ್ರೂಷನ್, ಬಲ ಎಸ್1 ನರದ ಬೇರು ಒತ್ತಿದೆ’ ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ನರದ ನೋವಿಗೆ ಎಂದು ಪ್ರೆಗಾಬಾಲಿನ್ ಮಾತ್ರೆ ಮತ್ತು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಆಪರೇಷನ್ ಅಂದರು. ನಮ್ಮತ್ತೆ ಮಾತ್ರ, ಎರಡೂ ಹೆರಿಗೆಯಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಹಾಕಿದ್ದರಲ್ಲ, ಅದೇ ನರ ಹಾಳುಮಾಡಿದೆ ಅನ್ನುತ್ತಾರೆ. ಆಪರೇಷನ್ ಮಾಡಿಸಿದರೆ ಕಾಲೇ ಬಿದ್ದುಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಪಕ್ಕದೂರಿನಲ್ಲಿ ಉಳುಕು ತೆಗೆಯುವವರಿದ್ದಾರೆ, ತೋರಿಸಲಾ? ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. ಜಾಸ್ತಿ ಹೊತ್ತು ಕೂತರೆ ಕೆಳಗೆ, ಅಂದರೆ ಮೂತ್ರದ ಜಾಗದ ಸುತ್ತ, ಉರಿ ಬಂದು ಜೋಮು ಹಿಡಿಯುತ್ತದೆ. ಎದ್ದು ಓಡಾಡಿದರೆ ಹೋಗುತ್ತದೆ. ಗರ್ಭಕೋಶದ ತೊಂದರೆ ಇರಬಹುದಾ? ದೀಪಾವಳಿ ಆರ್ಡರ್‌ಗಳು ಬರುತ್ತಿವೆ, ತೆಗೆದುಕೊಳ್ಳಲಾ ಬೇಡವಾ ಅದನ್ನೂ ಹೇಳಿ.

ಉತ್ತರ: ನಮಸ್ಕಾರ. ನಾಚಿಕೆಯಿಂದ ಕೊನೆಗೆ ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅದೊಂದೇ ಸಾಲು.

ಈ ಕೆಳಗಿನದಕ್ಕೆ ಮೊದಲು ನಿಮಗೆ ನೀವೇ ಉತ್ತರ ಹೇಳಿಕೊಳ್ಳಿ. ಶೌಚಕ್ಕೆ ಹೋದಾಗ ತೊಳೆದುಕೊಳ್ಳುವ ನೀರು ತಗಲಿದ್ದು ಎರಡೂ ಕಡೆ ಸರಿಯಾಗಿ ಗೊತ್ತಾಗುತ್ತದಾ? ಮೂತ್ರ ಮೊದಲಿನ ಹಾಗೇ ಸರಾಗವಾಗಿ ಬರುತ್ತದಾ, ಅಥವಾ ತಿಣುಕಬೇಕಾ? ಗೊತ್ತಿಲ್ಲದೆ ಸೋರುತ್ತದಾ? ಮಲ ತಡೆಯಲು ಆಗುತ್ತದಾ? ನೋವು ಎಡಗಾಲಿಗೂ ಬಂದಿದೆಯಾ? ಇದರಲ್ಲಿ ಒಂದಾದರೂ ಕೆಟ್ಟಿದ್ದರೆ, ಅಥವಾ ಆ ಜೋಮು ಎದ್ದು ಓಡಾಡಿದರೂ ಹೋಗದಿದ್ದರೆ, ಈ ಉತ್ತರ ಪೂರ್ತಿ ಓದುವ ಅಗತ್ಯವಿಲ್ಲ. ಇವತ್ತೇ, ರಾತ್ರಿಯಾದರೂ ಸರಿ, ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನೀವು ಬರೆದಿರುವಂತೆ ಕೂತಾಗ ಬಂದು ಎದ್ದಾಗ ಹೋಗುತ್ತಿದ್ದರೆ, ಮೂತ್ರ-ಮಲ ಎರಡೂ ಸರಿಯಿದ್ದರೆ, ಅದು ಬೇರೆ ವಿಷಯ. ಬಹುಶಃ ಬೇರೆ ನರವೇ. ಆದರೂ ಆ ಜಾಗದ ಸ್ಪರ್ಶವನ್ನು ಡಾಕ್ಟರು ಒಮ್ಮೆ ಪರೀಕ್ಷೆ ಮಾಡಲೇಬೇಕು, ಈ ವಾರದಲ್ಲೇ. ಎಂಆರ್‌ಐ ಚೆನ್ನಾಗಿದೆ ಎಂದು ಬಿಡುವ ಹಾಗಿಲ್ಲ. ಸ್ಕ್ಯಾನ್ ಹೇಳುವುದು ಅದನ್ನು ತೆಗೆದ ದಿನದ ಕಥೆ ಮಾತ್ರ. ಮುಜುಗರ ಅನ್ನಿಸಿದರೆ ಲೇಡಿ ಡಾಕ್ಟರ ಹತ್ತಿರವೇ ಹೋಗಿ.

ಯಾವ ‘ನರ’?

ಕನ್ನಡದಲ್ಲಿ ನಾವು ‘ನರ’ ಅನ್ನುವ ಒಂದೇ ಮಾತಿನಲ್ಲಿ ಮೂರು ವಸ್ತು ತುಂಬಿಬಿಟ್ಟಿದ್ದೇವೆ. ಮೀನಖಂಡದ ಮೇಲೆ ಹಸಿರಾಗಿ ಉಬ್ಬಿದ ರಕ್ತನಾಳ ತೋರಿಸಿ ‘ನರ ಗಂಟು ಕಟ್ಟಿದೆ’ ಅನ್ನುತ್ತಾರೆ. ಹಿಮ್ಮಡಿಯ ಮೇಲೆ ಹುರಿಯ ಹಾಗೆ ಸಿಗುವ ಸ್ನಾಯುವಿನ ಕೊನೆಯನ್ನೂ ನರ ಅನ್ನುತ್ತಾರೆ. ಗೋಡೆ ಮೇಲಿನ ‘ನರ ದೌರ್ಬಲ್ಯ’ದ ಜಾಹೀರಾತಿನ ನರ ಯಾವುದೋ, ಅದನ್ನು ಬರೆಸಿದವರಿಗೇ ಗೊತ್ತು. ನಾನು ಇಲ್ಲಿ ಹೇಳುತ್ತಿರುವ ನರ ಕೈಗೆ ಸಿಗುವುದಿಲ್ಲ, ಉಜ್ಜಿದರೆ ಜಾಗ ಬದಲಿಸುವುದೂ ಇಲ್ಲ. ಅದು ಸುದ್ದಿ ಸಾಗಿಸುವ ತಂತಿ.

ಮೊಣಕೈ ಬಾಗಿಲಿಗೆ ತಗಲಿದಾಗ ಕೈಯ ಕಿರುಬೆರಳವರೆಗೆ ಜುಮ್ ಅನ್ನುತ್ತದಲ್ಲ? ಪೆಟ್ಟು ಬಿದ್ದಿದ್ದು ಮೊಣಕೈಗೆ. ಬೆರಳಿಗೆ ಏನೂ ಆಗಿಲ್ಲ. ಆದರೂ ಮಿದುಳಿಗೆ ಬೆರಳಿನಿಂದಲೇ ನೋವು ಬಂದ ಹಾಗೆ ಅನ್ನಿಸುತ್ತದೆ, ಯಾಕೆಂದರೆ ಆ ತಂತಿ ಬರುವುದು ಬೆರಳಿನಿಂದ. ನಿಮ್ಮ ಕಾಲಿನದೂ ಇದೇ ಕಥೆ. ಮೀನಖಂಡಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ತೊಂದರೆ ಇರುವ ಜಾಗಕ್ಕೆ ಅದು ಮುಟ್ಟುವುದಿಲ್ಲ.

ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ಗೃಧ್ರ ಅಂದರೆ ಹದ್ದು. ನೋವಿರುವವರು ಹದ್ದಿನ ಹಾಗೆ ಕಾಲು ಎಳೆದು ನಡೆಯುತ್ತಾರೆ ಎಂದು ಆ ಹೆಸರಿನ ವಿವರಣೆ. ಪಿರ್ರೆಯಿಂದ ಶುರುವಾಗಿ ತೊಡೆ, ಮಂಡಿ, ಪಾದ ಹೀಗೆ ಕ್ರಮವಾಗಿ ಇಳಿಯುವ ನೋವು ಎಂದು ಅಷ್ಟು ಹಿಂದೆಯೇ ಗುರುತಿಸಿದ್ದರು. ಕಾರಣ ಪತ್ತೆಯಾಗಲು ತುಂಬಾ ಕಾಲ ಹಿಡಿಯಿತು. ಜಾರಿದ ಡಿಸ್ಕ್ ನರದ ಬೇರನ್ನು ಒತ್ತಿ ಸಯಾಟಿಕಾ (ಇದೇ ಕಾಲು ನೋವಿಗೆ ಇಂಗ್ಲಿಷಿನ ಹೆಸರು) ಬರುತ್ತದೆ ಎಂದು ಬಾಸ್ಟನ್‌ನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್‌ಗಳು ಸ್ಪಷ್ಟವಾಗಿ ಬರೆದು ತೋರಿಸಿದ್ದು 1934ರಲ್ಲಿ.

ಅತ್ತೆಯವರ ಇಂಜೆಕ್ಷನ್

ಬೆನ್ನುಮೂಳೆಯ ಒಳಗೆ ಬೆನ್ನುಹುರಿ ಬಾಲದ ಮೂಳೆಯವರೆಗೂ ಇರುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಇಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಇವನ್ನು ಎಲ್1, ಎಲ್2 ಅನ್ನುತ್ತೇವೆ. ಉದ್ದ ಹೆಚ್ಚೆಂದರೆ ಒಂದೂವರೆ ಅಡಿ. ಮಗು ಬೆಳೆಯುವಾಗ ಮೂಳೆ ಬೇಗ ಉದ್ದವಾಗುತ್ತದೆ, ಹುರಿ ಅಷ್ಟು ಉದ್ದವಾಗುವುದಿಲ್ಲ. ಹಾಗಾಗಿ ಹುರಿಯ ತುದಿ ಮೇಲೆಯೇ ಉಳಿಯುತ್ತದೆ. ಅಲ್ಲಿಂದ ಕೆಳಗೆ ಬರೀ ನರದ ಬೇರುಗಳು, ಎಳೆ ಎಳೆಯಾಗಿ ನೀರಿನಲ್ಲಿ ತೇಲುತ್ತಿರುತ್ತವೆ. ಹಳೆಯ ಕಾಲದ ವೈದ್ಯರಿಗೆ ಅದು ಕುದುರೆ ಬಾಲದ ಹಾಗೆ ಕಂಡಿತು. ಲ್ಯಾಟಿನ್‌ನಲ್ಲಿ ಅದನ್ನೇ ಕಾಡಾ ಇಕ್ವೈನಾ ಎಂದು ಕರೆದರು. ಆಪರೇಷನ್ ಟೇಬಲ್ ಮೇಲೆ ನನಗೆ ಮಾತ್ರ ಅದು ಯಾವಾಗಲೂ ಪಾಯಸದ ಶಾವಿಗೆಯ ಹಾಗೆ ಕಾಣುತ್ತದೆ.

ಸಿಸೇರಿಯನ್‌ಗೆ ಇಂಜೆಕ್ಷನ್ ಹಾಕುವುದು ಎಲ್3-ಎಲ್4ರ ಸುತ್ತಮುತ್ತ. ಅಂದರೆ ಹುರಿ ಮುಗಿದ ಮೇಲೆ, ಶಾವಿಗೆ ಇರುವ ಜಾಗದಲ್ಲಿ. ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪಾಯಸದಲ್ಲಿ ಕಡ್ಡಿ ಅದ್ದಿದರೆ ಶಾವಿಗೆ ಪಕ್ಕಕ್ಕೆ ಸರಿಯುತ್ತದಲ್ಲ, ಈ ಬೇರುಗಳೂ ಸಾಮಾನ್ಯವಾಗಿ ಹಾಗೇ ಸರಿದುಕೊಳ್ಳುತ್ತವೆ. ಈ ಇಂಜೆಕ್ಷನ್ ಶುರುವಾದ ಕಥೆ ಕೇಳಿ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ಮತ್ತು ಅವರ ಸಹಾಯಕರು ಒಬ್ಬರ ಮೇಲೊಬ್ಬರು ಇದನ್ನು ಪ್ರಯೋಗ ಮಾಡಿಕೊಂಡರು. ಮರಗಟ್ಟಿದೆಯಾ ಎಂದು ನೋಡಲು ಸಹಾಯಕರ ಮೊಣಕಾಲ ಕೆಳಗಿನ ಮೂಳೆಗೆ ಸುತ್ತಿಗೆಯಲ್ಲಿ ಹೊಡೆದರು, ಉರಿಯುವ ಸಿಗಾರ್ ಒತ್ತಿದರು! ಆಮೇಲೆ ಇಬ್ಬರೂ ಕೆಲವು ದಿನ ವಿಪರೀತ ತಲೆನೋವಿನಿಂದ ನರಳಿದರು. ಆ ತಲೆನೋವು ಇವತ್ತಿಗೂ ಇದರ ನಿಜವಾದ ಅಡ್ಡಪರಿಣಾಮ. ಸೂಜಿ ಚುಚ್ಚಿದ ಜಾಗ ಒಂದೆರಡು ವಾರ ನೋಯಬಹುದು. ಸೋಂಕು, ರಕ್ತ ಹೆಪ್ಪುಗಟ್ಟುವುದು, ನರಕ್ಕೆ ಪೆಟ್ಟು, ಇವು ಆಗುವುದೇ ಇಲ್ಲ ಎಂದಲ್ಲ. ತೀರಾ ಅಪರೂಪ. ಆದರೆ ಆದಾಗ ಆ ದಿನಗಳಲ್ಲೇ ಗೊತ್ತಾಗುತ್ತವೆ, ವರ್ಷಗಟ್ಟಲೆ ಸುಮ್ನೆ ಕೂತಿದ್ದು ಒಂದು ದಿನ ಎದ್ದು ಬರುವುದಿಲ್ಲ.

ಹಾಗಾದರೆ ಹೆರಿಗೆ ಆದ ಅಷ್ಟೊಂದು ಹೆಂಗಸರಿಗೆ ಸೊಂಟ ನೋವು ಯಾಕೆ? ಬಸಿರಿನಲ್ಲಿ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ, ಸೊಂಟದ ಕೀಲುಗಳೂ ಸಡಿಲವಾಗುತ್ತವೆ. ಆಮೇಲೆ ಮಗು ಎತ್ತುವುದು, ಬಗ್ಗಿ ಸ್ನಾನ ಮಾಡಿಸುವುದು, ನಿದ್ದೆಗೆಡುವುದು. ಮಾಮೂಲಿ ಹೆರಿಗೆಯಾದವರಿಗೂ ಈ ನೋವು ಬರುತ್ತದೆ. ಅವರಿಗೆ ಬೈಯಲು ಇಂಜೆಕ್ಷನ್ ಇಲ್ಲ, ಅಷ್ಟೇ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಒಪ್ಪದಿದ್ದರೂ ಜಗಳ ಬೇಡ.

ಎಸ್1 ಎಲ್ಲಿ ಸಿಕ್ಕಿಹಾಕಿಕೊಂಡಿತು

ಎರಡು ಮೂಳೆಗಳ ನಡುವಿನ ಡಿಸ್ಕ್ ಅಂದರೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ಹೋಳಿಗೆ ಲಟ್ಟಿಸುವಾಗ ಒಂದು ಕಡೆ ಕಣಕ ತೆಳುವಾಗಿ ಹೂರಣ ಇಣುಕುತ್ತದಲ್ಲ, ನೀರಿನ ಕ್ಯಾನ್ ಎತ್ತಿದ ದಿನ ನಿಮ್ಮ ಎಲ್5-ಎಸ್1 ಡಿಸ್ಕಿನಲ್ಲಿ ಅದೇ ಆಗಿದೆ. ರಿಪೋರ್ಟಿನಲ್ಲಿ ‘ಪ್ರೊಟ್ರೂಷನ್’ ಅಂದಿರುವುದು ಇದನ್ನೇ. ಕ್ಯಾನ್ ಬರೀ ನೆಪ ಇರಬಹುದು. ಸುತ್ತಿನ ನಾರು ಅದಕ್ಕಿಂತ ಎಷ್ಟೋ ಮೊದಲೇ ಸವೆದು ತೆಳುವಾಗಿರುತ್ತದೆ.

ಬೆನ್ನಿನ ಈ ಭಾಗದಲ್ಲಿ ಪ್ರತಿ ಮೂಳೆಯ ಕೆಳಗಿನ ಕಿಂಡಿಯಿಂದ ಬಲಕ್ಕೊಂದು, ಎಡಕ್ಕೊಂದು ನರದ ಬೇರು ಹೊರಬೀಳುತ್ತದೆ. ಸೊಂಟದಲ್ಲಿ ಐದು ಜೊತೆ, ಅವು ಎಲ್. ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕದ ಮೂಳೆಯಲ್ಲಿ ಐದು ಜೊತೆ, ಅವು ಎಸ್. ಕೊನೆಗೆ ಬಾಲದ ಮೂಳೆಗೆ ಒಂದು ಜೊತೆ. ಈಗ ನಿಮಗೊಂದು ಅನುಮಾನ ಬರಬೇಕು. ಡಿಸ್ಕ್ ಇರುವುದು ಎಲ್5ರ ಕೆಳಗೆ. ಹಾಗಿದ್ದರೆ ಎಲ್5 ನರ ತಾನೇ ಒತ್ತಬೇಕಿತ್ತು? ಎಸ್1 ಯಾಕೆ?

ಸಿಟಿ ಬಸ್ಸು ನೆನಪಿಸಿಕೊಳ್ಳಿ. ಈ ಸ್ಟಾಪಿನವರು ಇಳಿದಾಗಿದೆ. ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಈಗಲೇ ಬಂದು ಬಾಗಿಲ ಹತ್ತಿರ ನಿಂತಿದ್ದಾರೆ. ಈಗ ಬಾಗಿಲಲ್ಲಿ ನೂಕಿದರೆ ಪೆಟ್ಟು ಯಾರಿಗೆ? ಮುಂದೆ ಇಳಿಯಬೇಕಾದವರಿಗೆ. ಎಲ್5 ನರ ಡಿಸ್ಕಿನ ಮಟ್ಟಕ್ಕಿಂತ ಮೇಲೆಯೇ ಇಳಿದು ಹೋಗಿರುತ್ತದೆ. ಎಸ್1 ಡಿಸ್ಕಿನ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತಿರುತ್ತದೆ. ಹೂರಣ ಹೊರಬರುವುದೂ ಹೆಚ್ಚಾಗಿ ಅಲ್ಲೇ.

ಪ್ರತಿ ಬೇರಿಗೂ ಕಾಲಿನಲ್ಲಿ ತನ್ನದೇ ಜಹಗೀರು ಇದೆ. ಎಲ್4 ಆದರೆ ಮಂಡಿಯ ಕೆಳಗೆ ಒಳಮಗ್ಗುಲು. ಎಲ್5 ಆದರೆ ಪಾದದ ಮೇಲ್ಭಾಗ, ಹೆಬ್ಬೆರಳು. ಎಸ್1 ಆದರೆ ಮೀನಖಂಡ, ಪಾದದ ಹೊರಅಂಚು, ಕಿರುಬೆರಳು. ನೀವು ಕಿರುಬೆರಳು ಎಂದು ಬರೆದಿದ್ದೀರಿ. ಸ್ಕ್ಯಾನ್ ಕೂಡ ಎಸ್1 ಅನ್ನುತ್ತಿದೆ. ನನಗೆ ನಿಮ್ಮ ರಿಪೋರ್ಟಿಗಿಂತ ಮುಖ್ಯ ಈ ಹೊಂದಾಣಿಕೆ. ನೋವು ಹೆಬ್ಬೆರಳಿಗೆ ಇಳಿದು ಸ್ಕ್ಯಾನ್‌ನಲ್ಲಿ ಎಸ್1 ಒತ್ತಿದ್ದರೆ, ಇನ್ನೊಮ್ಮೆ ಯೋಚಿಸದೆ ಯಾರೂ ಚಾಕು ಹಿಡಿಯಬಾರದು.

ಎಲ್4-ಎಲ್5 ಬಲ್ಜ್, ಅಂದರೆ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಇನ್ನೊಂದು ಬರೆದಿದ್ದಾರಲ್ಲ, ಅದನ್ನು ಮರೆತುಬಿಡಿ. ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. 40ರ ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಎಲ್ಲೋ ಒಂದು ಕಡೆ ಡಿಸ್ಕ್ ಬಲ್ಜ್ ಇತ್ತು. ಅದು ಕೂದಲು ನೆರೆತ ಹಾಗೆ. ರಿಪೋರ್ಟಿನಲ್ಲಿ ಓದಿದ ಮೇಲೆಯೇ ನೋವು ಶುರುವಾದವರನ್ನೂ ನಾನು ನೋಡಿದ್ದೇನೆ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಗೋಡೆಗೆ ಕೈ ಕೊಟ್ಟು, ಬಲಗಾಲೊಂದರ ಮೇಲೆ ನಿಂತು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಹತ್ತು ಸಲ ಏಳಿ. ಆಮೇಲೆ ಎಡಗಾಲಲ್ಲಿ. ಎರಡೂ ಒಂದೇ ಸಮ ಆದರೆ ಎಸ್1 ಕೆಲಸ ಮಾಡುತ್ತಿದೆ, ಬರೀ ಕಿರಿಚಾಡುತ್ತಿದೆ. ಎಡಗಾಲು ಹತ್ತು ಸಲ ಎದ್ದು ಬಲಗಾಲು ಮೂರಕ್ಕೇ ಸೋತರೆ, ನೋವು ಕಡಿಮೆಯಿದ್ದರೂ ಅದು ಒಳ್ಳೆಯ ಸುದ್ದಿಯಲ್ಲ. ನೋವು ಹೋಗಿ ಶಕ್ತಿಯೂ ಹೋದರೆ ವಾಸಿಯಾಯಿತು ಎಂದು ಖುಷಿ ಪಡುವವರಿದ್ದಾರೆ. ಅಂಥವರಲ್ಲಿ ನರ ಸೋತು ಸುಮ್ಮನಾಗಿರುತ್ತದೆ.

ಕೆಳಗಿನ ಉರಿ, ಗರ್ಭಕೋಶ

ಎಲ್4ರಿಂದ ಎಸ್3ರವರೆಗಿನ ಬೇರುಗಳು ಕಿಬ್ಬೊಟ್ಟೆಯ ಹಿಂಭಾಗದಲ್ಲಿ ಹೆಣೆದುಕೊಂಡು ಸಯಾಟಿಕ್ ನರ ಆಗುತ್ತದೆ. ದೇಹದಲ್ಲೇ ದಪ್ಪ ನರ. ಹೆಚ್ಚುಕಡಿಮೆ ನಿಮ್ಮ ಹೆಬ್ಬೆರಳಿನಷ್ಟು ಅಗಲ. ಅದು ಪಿರ್ರೆಯ ಒಳಗಿನ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಕೆಳಗಿಂದ ನುಸುಳಿ ತೊಡೆಗೆ ಇಳಿಯುತ್ತದೆ.

ಎಸ್2, ಎಸ್3, ಎಸ್4 ಬೇರುಗಳಿಂದ ಇನ್ನೊಂದು ಸಣ್ಣ ನರ ಹುಟ್ಟುತ್ತದೆ, ಪ್ಯುಡೆಂಡಲ್ ಎಂದು ಹೆಸರು. ಇದರ ದಾರಿ ವಿಚಿತ್ರ. ಸಯಾಟಿಕ್ ನರದ ಜೊತೆಗೇ ಹಿಂಬಾಗಿಲಿಂದ ಹೊರಗೆ ಬರುತ್ತದೆ. ಅಲ್ಲೊಂದು ಗಟ್ಟಿ ನಾರಿನ ಕಟ್ಟನ್ನು ಸುತ್ತಿಕೊಂಡು ಪಕ್ಕದ ಕಿಂಡಿಯಿಂದ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ನಾವು ಕೂರುವ ಮೂಳೆಯ ಒಳಮಗ್ಗುಲಲ್ಲಿ ಒಂದು ಸಣ್ಣ ಸುರಂಗದಲ್ಲಿ ಸಾಗುತ್ತದೆ. ಆಲ್ಕಾಕ್ ಎಂಬ ಐರಿಷ್ ವೈದ್ಯರು 1836ರಲ್ಲಿ ವಿವರಿಸಿದ್ದರಿಂದ ಅದನ್ನು ಆಲ್ಕಾಕ್ ಕಾಲುವೆ ಅನ್ನುತ್ತೇವೆ. ಮೂತ್ರದ ಜಾಗ, ಯೋನಿಯ ಸುತ್ತ, ಗುದದ ಸುತ್ತ, ಎಲ್ಲಕ್ಕೂ ಸ್ಪರ್ಶ ಕೊಡುವುದು ಇದೇ. ಮೂತ್ರ, ಮಲ ತಡೆಯುವ ಸ್ನಾಯುಗಳನ್ನು ಆಡಿಸುವುದೂ ಇದೇ.

ಗಟ್ಟಿ ಸ್ಟೂಲಿನ ಮೇಲೆ ಒಂಬತ್ತು ಗಂಟೆ ಕೂತರೆ ಈ ಸುರಂಗದ ಸುತ್ತ ಒತ್ತಡ ಬೀಳುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರಿರಬಹುದು. ಬಲಗಾಲು ನೋಯುತ್ತದೆ ಎಂದು ಭಾರವನ್ನೆಲ್ಲ ಒಂದೇ ಕಡೆ ಹಾಕಿ ಓರೆಯಾಗಿ ಕೂರುತ್ತಿದ್ದೀರಿ, ಅಲ್ವಾ? ದೂರದ ಸೈಕಲ್ ಸವಾರರಿಗೂ ಇದೇ ತೊಂದರೆ ಬರುತ್ತದೆ. ಗುರುತು ಹೀಗೆ: ಕೂತರೆ ಜಾಸ್ತಿ, ನಿಂತರೆ ಕಡಿಮೆ, ರಾತ್ರಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ಕಮೋಡ್ ಮೇಲೆ ಕೂತಾಗ ನಡುಭಾಗಕ್ಕೆ ಒತ್ತಡ ಇಲ್ಲವಾದ್ದರಿಂದ ಉರಿಯೂ ಕಡಿಮೆ. ನಾವು ಇದನ್ನು ಕೇಳಿದಾಗ ಜನ ಆಶ್ಚರ್ಯದಿಂದ ನೋಡುತ್ತಾರೆ.

ಪರಿಹಾರವೂ ಸ್ಟೂಲಿನಲ್ಲೇ ಇದೆ. ಎರಡು ಟವೆಲ್ ಸುತ್ತಿ ಎಡಕ್ಕೊಂದು ಬಲಕ್ಕೊಂದು ಇಟ್ಟು, ನಡುವೆ ಜಾಗ ಬಿಟ್ಟು ಕೂತು ನೋಡಿ. ಎರಡು-ಮೂರು ವಾರದಲ್ಲಿ ವ್ಯತ್ಯಾಸ ಗೊತ್ತಾಗಬೇಕು. ಆಗದಿದ್ದರೆ ಮೂತ್ರದ ಸೋಂಕು, ಚರ್ಮದ ತೊಂದರೆ ಇದೆಯಾ ಎಂದೂ ನೋಡಿಸಬೇಕು. ಉರಿ ಇದ್ದದ್ದೆಲ್ಲ ನರವೇ ಆಗಿರಬೇಕಿಲ್ಲ.

ಗರ್ಭಕೋಶದ ನೋವು ಸಾಮಾನ್ಯವಾಗಿ ಕೆಳಹೊಟ್ಟೆ, ಸೊಂಟದಲ್ಲಿ ನಿಲ್ಲುತ್ತದೆ. ಗೆರೆ ಎಳೆದ ಹಾಗೆ ಕಿರುಬೆರಳಿಗೆ ಇಳಿಯುವುದಿಲ್ಲ. ಒಂದು ಅಪರೂಪದ ಕಾಯಿಲೆ ಇದೆ, ಗರ್ಭಕೋಶದ ಒಳಪದರ ಸಯಾಟಿಕ್ ನರದ ಹತ್ತಿರ ಬೆಳೆಯುವುದು. ಅದರಲ್ಲಿ ಕಾಲು ನೋವು ಪ್ರತಿ ತಿಂಗಳು ಮುಟ್ಟಿನ ಜೊತೆ ಬಂದು ಹೋಗುತ್ತದೆ. ನಿಮ್ಮದು ಕ್ಯಾನ್ ಎತ್ತಿದ ದಿನ ಬಂದಿದ್ದು. ಈ ನೋವಿಗಾಗಿ ಯಾರಾದರೂ ಗರ್ಭಕೋಶ ತೆಗೆಸಿ ಅಂದರೆ ದಯವಿಟ್ಟು ಇನ್ನೊಬ್ಬರ ಅಭಿಪ್ರಾಯ ಕೇಳಿ. ಗರ್ಭಕೋಶ ತೆಗೆಸಿಕೊಂಡ ಮೇಲೂ ಅದೇ ಕಾಲು ನೋವು ಹೊತ್ತು ಬಂದವರನ್ನು ನಾನು ಒಬ್ಬಿಬ್ಬರಲ್ಲ, ಹಲವರನ್ನು ನೋಡಿದ್ದೇನೆ.

ಈಗ ಮೊದಲು ಹೆದರಿಸಿದ್ದರ ವಿಷಯ. ಎಸ್2ರಿಂದ ಎಸ್4ರ ಬೇರುಗಳು ಶಾವಿಗೆ ಗೊಂಚಲಿನ ನಡುಭಾಗದಲ್ಲಿ ಇರುತ್ತವೆ. ಮೂತ್ರಕೋಶ ಹಿಂಡಿ ಖಾಲಿ ಮಾಡಿಸುವುದೂ ಇವೇ. ಡಿಸ್ಕಿನ ದೊಡ್ಡ ತುಂಡು ನಡುವಿಗೇ ಬಂದು ಕೂತರೆ ಇಡೀ ಗೊಂಚಲು ಜಜ್ಜಿಹೋಗುತ್ತದೆ. ಕಾಡಾ ಇಕ್ವೈನಾ ಸಿಂಡ್ರೋಮ್ ಅನ್ನುವುದು ಇದನ್ನೇ. ತಡಿ ಹಾಕಿದ ಕುದುರೆ ಮೇಲೆ ಕೂತರೆ ಎಲ್ಲೆಲ್ಲಿ ತಗಲುತ್ತದೋ ಅಷ್ಟೂ ಜಾಗ ಮರಗಟ್ಟುತ್ತದೆ. ಮೂತ್ರಕೋಶ ತುಂಬಿದ್ದೂ ಗೊತ್ತಾಗುವುದಿಲ್ಲ. ಇದಕ್ಕೆ ತುರ್ತು ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ. ಮೂತ್ರ ಪೂರ್ತಿ ಕಟ್ಟುವ ಮೊದಲೇ ಒತ್ತಡ ತೆಗೆದರೆ ಒಳ್ಳೆಯದು, 48 ಗಂಟೆ ದಾಟಿದರೆ ಮೊದಲಿನಂತಾಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಡಿಸ್ಕ್ ತೊಂದರೆ ಇರುವವರಲ್ಲಿ ತೀರಾ ಕಡಿಮೆ ಜನಕ್ಕೆ ಹೀಗಾಗುತ್ತದೆ. ಆದರೆ ‘ಉಷ್ಣ ಆಗಿ ಮೂತ್ರ ಕಟ್ಟಿದೆ’ ಎಂದು ಎಳನೀರು, ಜೀರಿಗೆ ನೀರು ಕುಡಿದು ಮೂರು ದಿನ ಕಳೆದು ಬಂದವರ ಮುಖ ನನಗೆ ಮರೆಯುವುದಿಲ್ಲ.

ಇನ್ನು ಏನು ಮಾಡುವುದು

ನಾನು ಬೆನ್ನುಮೂಳೆ ಆಪರೇಷನ್ ಮಾಡಿಯೇ ಹೊಟ್ಟೆ ಹೊರೆಯುವವನು. ಆದರೂ ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ, ತುದಿಗಾಲ ಪರೀಕ್ಷೆ ಸರಿಯಿದ್ದರೆ, ಇನ್ನೂ ಒಂದೂವರೆ-ಎರಡು ತಿಂಗಳು ಕಾಯಿ ಅನ್ನುತ್ತಿದ್ದೆ. ಕಾರಣ, ನೀವು ಬರೆದಿರುವ ‘ಎಷ್ಟೋ ವಾಸಿ’ ಅನ್ನುವ ಮಾತು. ಹೊರಬಂದ ಹೂರಣವನ್ನು ದೇಹ ತಾನೇ ಕರಗಿಸಿಕೊಳ್ಳಲು ನೋಡುತ್ತದೆ. ತಮಾಷೆ ಅಂದರೆ, ಸಣ್ಣ ಬಲ್ಜ್‌ಗಿಂತ ಪೂರ್ತಿ ಹೊರಬಿದ್ದ ತುಂಡೇ ಜಾಸ್ತಿ ಕರಗುತ್ತದೆ. ನಿಮ್ಮಂಥ ಪ್ರೊಟ್ರೂಷನ್‌ಗಳಲ್ಲಿ ಸುಮಾರು 100ಕ್ಕೆ 40 ಸಣ್ಣದಾಗುತ್ತವೆ. ಸಣ್ಣದಾಗದಿದ್ದರೂ ನರದ ಸುತ್ತಲಿನ ಊತ ಇಳಿದರೆ ಸಾಕು, ನೋವು ಹೋಗುತ್ತದೆ. ವಾಸಿಯಾದವರಿಗೆ ಮತ್ತೆ ಎಂಆರ್‌ಐ ಮಾಡಿಸಿ ಎಂದು ನಾನು ಹೇಳದಿರುವುದು ಅದಕ್ಕೇ.

ಕಾಯುವುದು ಅಂದರೆ ಮಲಗುವುದಲ್ಲ. ಹಾಸಿಗೆ ಹಿಡಿದರೆ ಸಯಾಟಿಕಾ ಬೇಗ ವಾಸಿಯಾಗುವುದಿಲ್ಲ, ಸ್ನಾಯು ಮಾತ್ರ ಸೊರಗುತ್ತದೆ. ದಿನಾ ಎರಡು ಹೊತ್ತು ನಡೆಯಿರಿ, ನೋವು ಕಾಲಿನಲ್ಲಿ ಕೆಳಗೆ ಕೆಳಗೆ ಇಳಿಯದಷ್ಟು ಹೊತ್ತು. ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿತುಕೊಳ್ಳಿ. ಪಾದದ ನೋವು ಮೀನಖಂಡಕ್ಕೆ, ಅಲ್ಲಿಂದ ಪಿರ್ರೆಗೆ ಹೀಗೆ ಮೇಲೇರುತ್ತಾ ಬಂದರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ, ಅದು ಒಳ್ಳೆಯ ದಿಕ್ಕು.

ಪ್ರೆಗಾಬಾಲಿನ್ ಬಗ್ಗೆ: 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಲೆಸುತ್ತು ಮಾತ್ರ ಪ್ರೆಗಾಬಾಲಿನ್ ತೆಗೆದುಕೊಂಡವರಲ್ಲಿ ಜಾಸ್ತಿ ಇತ್ತು. ನಿಮಗೆ ಅದರಿಂದ ಅನುಕೂಲ ಆಗಿದ್ದರೆ ನಾನು ಬೇಡ ಅನ್ನುವುದಿಲ್ಲ. ಆಗಿಲ್ಲವಾದರೆ ಕೊಟ್ಟ ಡಾಕ್ಟರನ್ನು ಕೇಳಿ ನಿಧಾನವಾಗಿ ಕಡಿಮೆ ಮಾಡಿ, ಥಟ್ಟನೆ ನಿಲ್ಲಿಸಬೇಡಿ. ಮಾಮೂಲಿ ನೋವಿನ ಮಾತ್ರೆಗಳು ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ತೊಂದರೆಯಾಗಬಹುದು. ವಿಟಮಿನ್ ಬಿ12 ಇಂಜೆಕ್ಷನ್ ಬೇಕಾಗುವುದು ಬಿ12 ಕಡಿಮೆ ಇದ್ದವರಿಗೆ. ಅದರ ಕೊರತೆಯಲ್ಲಿ ಅಥವಾ ಸಕ್ಕರೆ ಕಾಯಿಲೆಯಲ್ಲಿ ಎರಡೂ ಪಾದ ಕಾಲುಚೀಲ ಹಾಕಿದ ಹಾಗೆ ಜೋಮು ಹಿಡಿಯುತ್ತವೆ, ಒಂದೇ ಕಾಲಿಗೆ ಗೆರೆ ಎಳೆದ ಹಾಗಲ್ಲ.

ನಡುವಿನ ದಾರಿ ಒಂದಿದೆ. ಎಕ್ಸ್‌ರೇ ನೋಡಿಕೊಂಡು ನರದ ಬೇರಿನ ಪಕ್ಕಕ್ಕೆ ಸ್ಟೀರಾಯ್ಡ್ ಹಾಕುವುದು. ಅದು ಡಿಸ್ಕ್ ಸರಿಮಾಡುವುದಿಲ್ಲ, ಕೆಲವು ವಾರ ನೋವು ತಗ್ಗಿಸಿ ಓಡಾಡುವ ಹಾಗೆ ಮಾಡಬಹುದು. ಎಲ್ಲರಿಗೂ ಫಲ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ. ಬೆನ್ನಿಗೆ ಇನ್ನೊಂದು ಇಂಜೆಕ್ಷನ್ ಅಂದರೆ ಅತ್ತೆಯವರು ಏನನ್ನುತ್ತಾರೋ!

ಆಪರೇಷನ್ ಯಾವಾಗ? ಶಕ್ತಿ ಕಡಿಮೆಯಾಗುತ್ತಾ ಹೋದರೆ ಬೇಗ. ಮೂತ್ರ ಕೆಟ್ಟರೆ ಆ ಕ್ಷಣ. ಇವೆರಡೂ ಇಲ್ಲದೆ ಬರೀ ನೋವಿಗಾದರೆ ಅದು ನೀವು ಮಾಡುವ ಆಯ್ಕೆ, ಡಾಕ್ಟರು ಹೇರುವುದಲ್ಲ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಬೇಗ ಆಪರೇಷನ್ ಆದವರಿಗೆ ಕಾಲು ನೋವು ಬೇಗ ಹೋಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾದವರಲ್ಲಿ 100ಕ್ಕೆ 39 ಜನ ತಡೆಯಲಾಗದೆ ಆ ವರ್ಷದೊಳಗೇ ಆಪರೇಷನ್ ಮಾಡಿಸಿಕೊಂಡರು ಅನ್ನುವುದೂ ನಿಜ. ಮುಖ್ಯವಾಗಿ ಆಪರೇಷನ್ ಕೊಂಡುಕೊಡುವುದು ಸಮಯವನ್ನು.

ಕಾಲು ಬಿದ್ದುಹೋಗುತ್ತದೆ ಅನ್ನುವ ಭಯಕ್ಕೆ ಉತ್ತರ ಮೇಲೇ ಇದೆ. ಎಲ್5-ಎಸ್1 ಮಟ್ಟದಲ್ಲಿ ಬೆನ್ನುಹುರಿಯೇ ಇಲ್ಲ. ಎರಡು-ಮೂರು ಸೆಂಟಿಮೀಟರ್ ಗಾಯ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಒಂದು ಬೇರನ್ನು ಸರಿಸಿ ತುಂಡು ತೆಗೆಯುತ್ತೇವೆ. ಹಾಗೆಂದು ಅಪಾಯವೇ ಇಲ್ಲ ಅನ್ನುವ ಸರ್ಜನ್‌ನನ್ನೂ ನಂಬಬೇಡಿ. ನರದ ಸುತ್ತಲಿನ ಪೊರೆ ಹರಿದು ನೀರು ಸೋರಬಹುದು. ಸೋಂಕಾಗಬಹುದು. ಆ ಒಂದು ಬೇರಿಗೇ ಪೆಟ್ಟಾಗಿ ಪಾದ ದುರ್ಬಲವಾಗುವುದು ಅಪರೂಪಕ್ಕೆ ಆಗುತ್ತದೆ. 100ರಲ್ಲಿ ಐದರಿಂದ ಹತ್ತು ಜನಕ್ಕೆ ಅದೇ ಡಿಸ್ಕ್ ಮತ್ತೆ ಹೊರಬರುತ್ತದೆ. ಇನ್ನೊಂದು ಮಾತನ್ನು ಆಪರೇಷನ್‌ಗೆ ಮೊದಲೇ ಹೇಳಿಸಿಕೊಳ್ಳಿ: ಇದು ಕಾಲು ನೋವಿನ ಆಪರೇಷನ್. ಸೊಂಟ ನೋವು ಉಳಿಯಬಹುದು. ‘ಆಪರೇಷನ್ ಫೇಲ್ ಆಯ್ತು’ ಎಂದು ಬರುವ ಅನೇಕರಿಗೆ ಕಾಲು ಪೂರ್ತಿ ವಾಸಿಯಾಗಿರುತ್ತದೆ, ಆದರೆ ಈ ಮಾತನ್ನು ಅವರಿಗೆ ಮೊದಲು ಯಾರೂ ಹೇಳಿರುವುದಿಲ್ಲ.

ಉಳುಕು ತೆಗೆಯುವವರ ವಿಷಯ. ಸ್ನಾಯು ಹಿಡಿದುಕೊಂಡಿದ್ದರೆ ಹಗುರವಾಗಿ ತಿಕ್ಕುವುದರಿಂದ ಹಿತವಾಗುತ್ತದೆ, ನನ್ನದೇನೂ ತಕರಾರಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಹೋಗುತ್ತದೆ ಅನ್ನುವ ನಂಬಿಕೆ ನಮ್ಮಜ್ಜಿಗೂ ಇತ್ತು. ಬರೀ ಉಳುಕಾದರೆ ಒದೆಯದಿದ್ದರೂ ಮೂರ್ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ, ಹೆಸರು ಮಾತ್ರ ಒದ್ದವರಿಗೆ. ನಿಮ್ಮದು ಉಳುಕಲ್ಲ. ಹರಿದ ಡಿಸ್ಕಿರುವಾಗ ಸೊಂಟ ತಿರುಚುವುದು, ಬೆನ್ನ ಮೇಲೆ ಹತ್ತಿ ತುಳಿಯುವುದು, ಜಗ್ಗುವುದು ಬೇಡವೇ ಬೇಡ. ಪಕ್ಕದಲ್ಲಿರುವ ಹೂರಣ ನಡುವಿಗೆ ಬಂದರೆ ಏನಾಗುತ್ತದೆ ಎಂದು ಈಗ ನಿಮಗೇ ಗೊತ್ತು.

ಇನ್ನು ದೀಪಾವಳಿ. ಆರ್ಡರ್ ತೆಗೆದುಕೊಳ್ಳಿ, ಆದರೆ ಹೋದ ವರ್ಷದ ಅರ್ಧದಷ್ಟು. ಬಲಗಾಲಲ್ಲಿ ಪೆಡಲ್ ಒತ್ತುವಾಗ ದುಡಿಯುವುದು ಎಸ್1ರ ಸ್ನಾಯುವೇ. ಮೋಟಾರ್ ಮಷಿನ್ ಆದರೆ ಪೆಡಲನ್ನು ಎಡಗಾಲಿಗೆ ಸರಿಸಿ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಬಟ್ಟೆ ಕತ್ತರಿಸುವುದನ್ನು ನೆಲದ ಮೇಲೆ ಬಗ್ಗಿ ಮಾಡುತ್ತಿದ್ದರೆ ಇವತ್ತಿನಿಂದ ಟೇಬಲ್ ಮೇಲೆ, ನಿಂತುಕೊಂಡು. ಒಂದು ಬ್ಲೌಸಿನ ತೋಳು ಹೊಲಿದು ಮುಗಿದಾಗ ಏಳಿ, ಎರಡನೇ ತೋಳಿಗೆ ಮತ್ತೆ ಕೂತುಕೊಳ್ಳಿ. ಹುಕ್ಕು, ಕಾಜಾ ಕೆಲಸ ಮಕ್ಕಳಿಗೋ ಪಕ್ಕದ ಮನೆಯವರಿಗೋ ಕೊಡಿ. ನೀರಿನ ಕ್ಯಾನ್ ಎತ್ತುವುದು ಸದ್ಯಕ್ಕೆ ಯಜಮಾನರ ಕೆಲಸ.